ಬೆಳೆದ ಗಾಡಿ, ಬೆಳೆಯದ ಜಾಕು

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ, ಬೀರೂರು ದಾಟಿ ಅಜ್ಜಂಪುರದ ದಾರಿಯಲ್ಲಿ, ನಮ್ಮ ಗಾಡಿಯ ಹಿಂದಿನ ಎಡಗಾಲಿ ಪಂಕ್ಚರ್ ಆಯಿತು. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದು ನನ್ನ ಜಾಣತನದಿಂದಲ್ಲ. ಗಾಡಿ ಇನ್ನೂ ಪೂರ್ತಿ ನಿಂತಿರಲಿಲ್ಲ, ಹಿಂದಿನ ಸೀಟಿನಿಂದ ನಮ್ಮತ್ತೆ ಕೇಳಿದರು:

"ಗಂಟೆ ಎಷ್ಟೇ ಶೈಲಾ?"

"ಹನ್ನೊಂದೂ ಐದು ಅತ್ತೆ."

"ಅದಕ್ಕೇ ಮತ್ತೆ. ರಾಹುಕಾಲ ಶುರುವಾಗಿ ಅರ್ಧ ಗಂಟೆ ಆಯ್ತು."

ಹೀಗೆ ಅಪಘಾತದ ತನಿಖೆ ಅಪಘಾತಕ್ಕಿಂತ ಮೊದಲೇ ಮುಗಿದಿತ್ತು.

ಈ ವಿಷಯ ಈಗ ನೆನಪಾಗಲು ಕಾರಣ ನಮ್ಮ ತಾರಸಿಯ ಬಾಗಿಲು. ಗಾಡಿಯ ಜೊತೆ ಕಂಪನಿಯವರು ಕೊಟ್ಟಿದ್ದ ಕತ್ತರಿ ಜಾಕನ್ನು ಈಗ ಆ ಬಾಗಿಲಿಗೆ ಅಡ್ಡ ಇಟ್ಟಿದ್ದೇವೆ. ಗಾಳಿಗೆ ಬಾಗಿಲು ಬಡಿಯದ ಹಾಗೆ ಬಲು ಚೆನ್ನಾಗಿ ಹಿಡಿಯುತ್ತದೆ. ಎಲ್ಲರಿಗೂ ಅವರವರ ಯೋಗ್ಯತೆಗೆ ತಕ್ಕ ಕೆಲಸ ಸಿಗಬೇಕು ನೋಡಿ. ಆದರೆ ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅದು ಕಾಲಿಗೆ ಸಿಗುತ್ತದೆ. ಸಿಕ್ಕಾಗಲೆಲ್ಲ ನಾನು ಬಕೆಟ್ಟು ಕೆಳಗಿಟ್ಟು ಒಂದು ಸಲ ಉಸಿರು ಎಳೆದುಕೊಳ್ಳುತ್ತೇನೆ.

ನಮ್ಮೆಜಮಾನರದು ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ. ಅವರು ಆಸೆಪಟ್ಟು ಎಸ್‌ಯುವಿ ಕೊಂಡರು. ಆರು ತಿಂಗಳಿಗೆ ಅದು ಕುಳ್ಳಗೆ ಕಾಣತೊಡಗಿತು. ಗಾಡಿ ಕುಳ್ಳಗಾಗಲಿಲ್ಲ, ಮೊಬೈಲಿನಲ್ಲಿ ಯಾರದೋ ಗಾಡಿ ಎತ್ತರವಾಗಿತ್ತು, ಅಷ್ಟೆ. ಶಿವಮೊಗ್ಗದ ಕಡೆ ಯಾರೋ ಉದ್ದನೆಯ ಸ್ಪ್ರಿಂಗು, ದೊಡ್ಡ ಟೈರು ಹಾಕಿ ಎತ್ತರ ಮಾಡಿಕೊಡುತ್ತಾರೆಂದು ಗೊತ್ತಾಗಿ ಒಂದು ಸೋಮವಾರ ಹೋಗಿ, ಬುಧವಾರ ಆಕಾಶದಲ್ಲಿ ಕುಳಿತುಕೊಂಡು ಬಂದರು.

"ಯಾಕ್ರೀ ಇದು?" ಎಂದೆ.

"ಕಾಡು, ಗುಡ್ಡ, ಹಳ್ಳ, ಎಲ್ಲಾ ಹತ್ತುತ್ತೆ ಕಣೇ ಇನ್ಮೇಲೆ."

ನಾವು ಹೋಗುವ ಅತಿ ದುರ್ಗಮ ಪ್ರದೇಶವೆಂದರೆ ಮಂಡಿ ಗೇಟಿನ ಮುಂದಿರುವ ಹಂಪು. ಅದನ್ನು ಸೈಕಲ್ಲಿನಲ್ಲಿ ಹಾಲು ಹಾಕುವವರೂ ದಿನಾ ದಾಟುತ್ತಾರೆ. ಆದರೂ ನಮ್ಮ ಗಾಡಿ ಅದನ್ನು ದಾಟುವಾಗ ನಮ್ಮೆಜಮಾನರ ಮುಖದಲ್ಲಿ ಹಿಮಾಲಯ ಇಳಿದು ಬಂದ ತೃಪ್ತಿ ಇರುತ್ತಿತ್ತು. ಅತ್ತೆಗೆ ಹತ್ತಲು ಒಂದು ಪ್ಲಾಸ್ಟಿಕ್ ಸ್ಟೂಲು ಬಂತು. ಮೊದಲ ದಿನ ಅದರ ಮೇಲೆ ನಿಂತು, "ಇದೇನೋ ಲೋಕೇಶ, ಅಟ್ಟ ಹತ್ತಿದಂಗಾಗುತ್ತೆ. ಒಂದು ಏಣಿ ಕಟ್ಟಿಸ್ಬಿಡು" ಎಂದರು.

ಗಾಡಿ ಹೀಗೆ ಬೆಳೆಯಿತು. ಜಾಕು ಬೆಳೆಯಲಿಲ್ಲ. ಎತ್ತರ ಮಾಡಿದವರೂ ಅದನ್ನು ನೆನಪಿಸಲಿಲ್ಲ, ಮಾಡಿಸಿಕೊಂಡವರೂ ಕೇಳಲಿಲ್ಲ. ಜಾಕಿನ ಬಗ್ಗೆ ನಮಗೆ ಗೌರವ ಇರಲಿಲ್ಲ ಎಂದು ತಿಳಿಯಬೇಡಿ. ಆಯುಧಪೂಜೆಯ ದಿನ ಅದನ್ನು ಚೀಲದಿಂದ ಹೊರತೆಗೆದು, ಒರೆಸಿ, ವಿಭೂತಿ ಹಚ್ಚಿ, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಕಾಯಿ ಒಡೆದಿದ್ದೆವು. ಸಂಜೆ ಮತ್ತೆ ಚೀಲದೊಳಗೆ, ಚೀಲ ಸೀಟಿನ ಕೆಳಗೆ. ಅದು ಎಷ್ಟು ಎತ್ತರಕ್ಕೆ ಏರುತ್ತದೆಂದು ತಿರುಗಿಸಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಪೂಜೆ ಮಾಡಿದ್ದನ್ನು ಪರೀಕ್ಷೆ ಮಾಡುವುದು ನಮ್ಮ ಮನೆತನದಲ್ಲಿ ಇಲ್ಲ.

ಆ ಶುಕ್ರವಾರ ನಾವು ಹೊರಟಿದ್ದು ಅಜ್ಜಂಪುರದಲ್ಲಿ ಗಂಡಿನ ಮನೆ ನೋಡಲು. ನಮ್ಮ ನಾದಿನಿ ರೇಖಾಳನ್ನು ಅವರು ಬಂದು ನೋಡಿ ಒಪ್ಪಿದ್ದರು; ಈಗ ಹೆಣ್ಣಿನ ಕಡೆಯವರು ಹೋಗಿ ಅವರ ಮನೆ ನೋಡಿ, ಕಾಫಿ ಕುಡಿದು, ಮಾತು ಮುಂದುವರಿಸಿ ಬರುವ ಪದ್ಧತಿ. ರಾಹುಕಾಲಕ್ಕೆ ಮೊದಲೇ ಹೊಸಲು ದಾಟಬೇಕೆಂದು ಅತ್ತೆ ನಮ್ಮನ್ನು ತಿಂಡಿಯ ನಡುವೆಯೇ ಎಬ್ಬಿಸಿದ್ದರು. ಹೂವು, ಹಣ್ಣು, ವೀಳ್ಯದೆಲೆಯ ತಟ್ಟೆ ಅವರ ತೊಡೆಯ ಮೇಲಿತ್ತು.

"ಅವ್ವ, ಸ್ವಲ್ಪ ಇಳಿ. ಟೈರ್ ಬದಲಾಯಿಸ್ಬೇಕು."

"ನಾ ಇಳಿಯಲ್ಲ ಕಣೋ. ಈಗ ಇಳಿದು ಮತ್ತೆ ಹತ್ತಿದ್ರೆ ಹೊಸದಾಗಿ ಹೊರಟಂಗೆ ಲೆಕ್ಕ. ರಾಹುಕಾಲದಲ್ಲಿ ಹೊರಟು ಹೆಣ್ಣಿನ ಮಾತು ಆಡೋಕೆ ಹೋಗ್ತಾರೇನೋ?"

ಈ ತರ್ಕಕ್ಕೆ ಎಲ್ಲಿಯೂ ಬಿರುಕಿಲ್ಲ. ನಾನು ಕಾಲೇಜಿನಲ್ಲಿ ಮೂರು ವರ್ಷ ತರ್ಕಶಾಸ್ತ್ರ ಓದಿದವಳು, ಇವತ್ತಿಗೂ ಉತ್ತರ ಸಿಕ್ಕಿಲ್ಲ.

"ಸರಿ, ಕೂತಿರು. ಎರಡು ಟನ್ ಗಾಡಿಗೆ ನೀನೊಬ್ಬಳು ಭಾರಾನಾ" ಎಂದು ಮಗ ಅಪ್ಪಣೆ ಕೊಟ್ಟರು.

ಜಾಕನ್ನು ಚಾಸಿಯ ಕೆಳಗಿಟ್ಟು ತಿರುಗಿಸಿದರು. ತಿರುಗಿಸಿದರು, ತಿರುಗಿಸಿದರು. ಪಾಪ, ಅದು ಕೈಲಾದಷ್ಟು ಎದ್ದು ನಿಂತಿತು. ಅದರ ತಲೆಗೂ ಗಾಡಿಗೂ ನಡುವೆ ಇನ್ನೂ ನಾಲ್ಕು ಬೆರಳು ಆಕಾಶ ಉಳಿಯಿತು. ಎತ್ತುವುದಿರಲಿ, ಮುಟ್ಟುವುದಕ್ಕೂ ಆಗಲಿಲ್ಲ. ಉದ್ದನೆಯ ಸ್ಪ್ರಿಂಗು ಹಾಕಿದ ಗಾಡಿಯನ್ನು ಚಾಸಿಯಿಂದ ಎತ್ತಿದರೆ ಗಾಲಿ ಕೆಳಕ್ಕೆ ಜೋತುಬೀಳುತ್ತದೆ, ಅದು ನೆಲ ಬಿಡಬೇಕಾದರೆ ಇನ್ನೂ ಬಹಳ ಎತ್ತಬೇಕು, ಅದಕ್ಕೇ ಜಾಕನ್ನು ಅಚ್ಚಿನ ಕೆಳಗೆ ಕೊಡುವುದು ಎಂದೆಲ್ಲ ನನಗೆ ಆಮೇಲೆ ತಿಳಿಯಿತು. ಆಮೇಲೆ ತಿಳಿದ ವಿಷಯಗಳಿಂದಲೇ ನಾನೊಂದು ಕಾಲೇಜು ತೆಗೆಯಬಹುದು.

ರಸ್ತೆಯ ಪಕ್ಕ ತೆಂಗಿನ ತೋಟ. ಹಳೆಯ ಮರಗಳನ್ನು ಕಡಿದು ತುಂಡು ಹಾಕಿದ್ದರು. ನಮ್ಮೆಜಮಾನರ ಕಣ್ಣು ಬೆಳಗಿತು. ಹೋಗಿ ಮೊಣಕಾಲೆತ್ತರದ ಒಂದು ದುಂಡನೆಯ ತುಂಡನ್ನು ಉರುಳಿಸಿಕೊಂಡು ಬಂದು, ಜಾಕನ್ನು ಮಡಚಿ, ತುಂಡನ್ನು ನೆಟ್ಟಗೆ ನಿಲ್ಲಿಸಿ, ಜಾಕನ್ನು ಅದರ ಮೇಲೆ ಕೂರಿಸಿದರು.

"ಇದು ತಡೆಯುತ್ತೇನ್ರೀ?"

"ತೆಂಗಿನಮರ ಕಣೇ. ಮನೆಗೇ ತೊಲೆ ಹಾಕ್ತಾರೆ."

ಹಾಕುತ್ತಾರೆ, ನಿಜ. ಆದರೆ ತೊಲೆಗೆ ಹಾಕುವುದು ಮರದ ಹೊರಗಿನ ಕಪ್ಪು ಭಾಗವನ್ನು. ಅದು ಕಬ್ಬಿಣ. ಒಳಗಿನ ತಿರುಳು ಒದ್ದೆ ಹೊಟ್ಟು. ನಮ್ಮ ಕಡೆ ಅದನ್ನು ಕೆತ್ತಿ ಬಿಸಾಡಿ ನೀರಿನ ದೋಣಿ ಮಾಡಿಕೊಳ್ಳುತ್ತಾರೆ. ಇದು ಗೊತ್ತಿಲ್ಲದ ಜನ ನಮ್ಮ ತಾಲ್ಲೂಕಿನಲ್ಲಿ ಇಲ್ಲ. ನಮ್ಮೆಜಮಾನರಿಗೂ ಗೊತ್ತು. ಆದರೆ ಕಾಯಿ, ಕೊಬ್ಬರಿ, ನಾರು, ಚಿಪ್ಪು, ಗರಿ, ಕಡ್ಡಿ, ಯಾವುದರಲ್ಲೂ ಕೈಬಿಡದ ಮರ ಇದೊಂದರಲ್ಲಿ ಕೈಬಿಟ್ಟೀತೆ? ತೆಂಗನ್ನೇ ಕಾಣದ ಊರಿನವನಾಗಿದ್ದರೆ ಸುಮ್ಮನೆ ಒಂದು ಅಗಲವಾದ ಹಲಗೆ ಹುಡುಕುತ್ತಿದ್ದ. ಈ ತಪ್ಪು ಮಾಡಲು ತಲೆಮಾರುಗಳ ಕೊಬ್ಬರಿ ವ್ಯಾಪಾರ ಬೇಕು. ಜಾಕಿನ ಪುಟ್ಟ ಪಾದ ಸರಿಯಾಗಿ ತಿರುಳಿನ ನಡುಮಧ್ಯದಲ್ಲಿ ಕುಳಿತಿತು.

"ಆ ಕಡೆ ಗಾಲಿಗಳಿಗೆ ಒಂದೊಂದು ಕಲ್ಲು ಕೊಡ್ಲಾ?" ಎಂದು ಕೇಳಿದೆ.

"ಹ್ಯಾಂಡ್‌ಬ್ರೇಕ್ ಇದೆ ಕಣೇ. ಇದೇನು ಎತ್ತಿನ ಗಾಡಿನಾ?"

ಎತ್ತಿನ ಗಾಡಿ ಎಂದದ್ದಕ್ಕೆ ಹೇಳಬೇಕು. ನನ್ನ ಬಾಲ್ಯದ ಬೇಸಿಗೆಗಳೆಲ್ಲ ದೇವನೂರಿನಲ್ಲಿ, ತಾತನ ಮನೆಯಲ್ಲಿ ಕಳೆದವು. ಯುಗಾದಿ ಮುಗಿದ ಮೇಲೆ ಒಂದು ದಿನ ತಾತ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದರು. ಅಚ್ಚಿಗೆ ಬಳಿಯುವ ಆ ಕಪ್ಪು ಜಿಡ್ಡಿನ ವಾಸನೆ ನನಗೆ ಇಂದಿಗೂ ಮಾವಿನಹಣ್ಣಿನ ವಾಸನೆಯ ಜೊತೆಗೇ ನೆನಪಾಗುತ್ತದೆ, ಏಕೆಂದರೆ ಎರಡೂ ಒಂದೇ ಜಗಲಿಯಲ್ಲಿ, ಒಂದೇ ಮಧ್ಯಾಹ್ನ ಇರುತ್ತಿದ್ದವು. ಗಾಡಿ ಎತ್ತುವ ಮೊದಲು ತಾತ ಎತ್ತುಗಳನ್ನು ಬಿಚ್ಚಿ ಕೊಟ್ಟಿಗೆಗೆ ಕಟ್ಟುತ್ತಿದ್ದರು. ಗಾಡಿಯ ಮೂಗಿಗೆ ಆಸರೆಯಾಗಿ ದಿಮ್ಮಿ, ಗಾಲಿಗೆ ಹಿಂದೊಂದು ಮುಂದೊಂದು ಕಲ್ಲು. ನಾಯಿಯನ್ನೂ ಓಡಿಸುತ್ತಿದ್ದರು. ಮಕ್ಕಳನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸಿ, "ಗಾಡಿ ಮೇಲಿರೋವರೆಗೂ ಯಾರೂ ಉಸಿರು ಬಿಡಂಗಿಲ್ಲ" ಎನ್ನುತ್ತಿದ್ದರು. ನಾವು ಅಕ್ಷರಶಃ ಉಸಿರು ಬಿಗಿಹಿಡಿದೇ ಕೂರುತ್ತಿದ್ದೆವು. ನನ್ನ ತಮ್ಮ ಒಂದು ವರ್ಷ ಮುಖ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ ಜಗಲಿಯಿಂದ ಉರುಳಿದ. ಆ ಗಾಡಿಯಿಂದ ನಮ್ಮ ವಂಶದಲ್ಲಿ ಗಾಯಗೊಂಡವನು ಅವನೊಬ್ಬನೇ.

ಇರಲಿ. ನಮ್ಮದು ಎತ್ತಿನ ಗಾಡಿಯಲ್ಲ. ಗಾಡಿ ಮೇಲೆದ್ದಿತು. ಪಂಕ್ಚರ್ ಆದ ಗಾಲಿ ಬಿಚ್ಚಿ ಪಕ್ಕಕ್ಕೆ ಒರಗಿಸಿದ್ದೂ ಆಯಿತು. ಆಗ ನಮ್ಮೆಜಮಾನರಿಗೆ ನೆನಪಾದದ್ದು: ಹಾಕಬೇಕಾದ ಸ್ಟೆಪ್ನಿ ಗಾಡಿಯ ಹಿಂಭಾಗದ ಅಡಿಯಲ್ಲಿ ನೇತಾಡುತ್ತಿದೆ. ಅದನ್ನು ಮೊದಲೇ ಇಳಿಸಿಕೊಳ್ಳುವುದು ಕ್ರಮವಂತೆ. ಕ್ರಮ ಗೊತ್ತಿರುವವರು ಬಿಚ್ಚಿದ ಗಾಲಿಯನ್ನೂ ಚಾಸಿಯ ಕೆಳಗೆ ಅಡ್ಡ ಮಲಗಿಸುತ್ತಾರಂತೆ, ಬಿದ್ದರೆ ಅದರ ಮೇಲೆ ಬೀಳಲಿ ಎಂದು. ನಮ್ಮದು ಬೇಲಿಗೆ ಒರಗಿ ಗಾಳಿ ತೆಗೆದುಕೊಳ್ಳುತ್ತಿತ್ತು. ಸ್ಟೆಪ್ನಿಯೂ ದೊಡ್ಡ ಟೈರೇ. ಸಣ್ಣ ಟೈರಿನ ಜಾಗದಲ್ಲಿ ಅದನ್ನು ಒತ್ತಿ ತುರುಕಿದ್ದರು. ಹಿಡಿ ತಿರುಗಿಸಿದರೆ ತಂತಿ ಸಡಿಲವಾಯಿತು, ಟೈರು ಮಾತ್ರ ಇಳಿಯಲಿಲ್ಲ.

ನಾನು ಏನೋ ಹೇಳುವಷ್ಟರಲ್ಲಿ ಅವರು ಅಂಗಿಯ ತೋಳು ಮಡಚಿ, ಅಂಗಾತ ಮಲಗಿ, ತೆವಳಿಕೊಂಡು ಒಳಗೆ ಹೋಗಿಬಿಟ್ಟರು. ಹೊರಗೆ ಉಳಿದದ್ದು ಎರಡು ಹೊಸ ಚಪ್ಪಲಿ ಮತ್ತು ಇಸ್ತ್ರಿ ಮಾಡಿದ ಪಂಚೆಯ ತುದಿ.

ಆಗ ನನಗೆ ಆ ಸದ್ದು ಕೇಳಿಸಿತು. ದೊಡ್ಡದೇನಲ್ಲ. ಒಣ ಬ್ರೆಡ್ಡನ್ನು ಯಾರೋ ಮೆಲ್ಲಗೆ ಒತ್ತಿದ ಹಾಗೆ, ಕುರುಕ್. ನೋಡಿದೆ. ಜಾಕಿನ ಪಾದದ ಸುತ್ತ ತಿರುಳು ಒದ್ದೆ ಹುಡಿಯಾಗಿ ಮೇಲೆ ಉಕ್ಕುತ್ತಿತ್ತು. ಪಾದ ಒಂದು ಕಡೆಗೆ ಇಳಿಯುತ್ತಿತ್ತು.

"ರೀ, ಆಚೆ ಬನ್ನಿ."

"ಒಂದ್ನಿಮಿಷ ಕಣೇ."

ಒಳಗೆ ಅತ್ತೆ ವೀಳ್ಯದೆಲೆ ಬಾಡೀತೆಂದು ತಟ್ಟೆಯನ್ನು ಬಿಸಿಲಿನಿಂದ ಆ ಬದಿಗೆ ಸರಿಸಿಕೊಂಡರು, ಜೊತೆಗೆ ತಾವೂ ಸರಿದರು. ಗಾಡಿ ತೂಗಿತು. ಕುರುಕ್.

"ರೀ, ಜಾಕು ಹೂತುಹೋಗ್ತಿದೆ, ಬನ್ನಿ ಅಂದೆ."

"ಬಂದೇಬಿಡ್ತು ಕಣೇ, ಇನ್ನೊಂದೇ ಏಟು. ಸುಮ್ನೆ ಗಾಬರಿ ಮಾಡ್ಬೇಡ."

ಮದುವೆಯಾಗಿ ಹದಿನಾರು ವರ್ಷ. ನನ್ನ ಮಾತಿಗೆ ಈ ಮನುಷ್ಯ ಆಚೆ ಬರುವುದಿಲ್ಲವೆಂದು ನನಗೆ ಗೊತ್ತು. ಜೀವಕ್ಕೂ ಬರುವುದಿಲ್ಲ. ಹಾಗಾದರೆ ಯಾವುದಕ್ಕೆ ಬರುತ್ತಾರೆ? ಬಾನೆಟ್ಟಿನ ಮೇಲಿದ್ದ ಅವರ ಮೊಬೈಲು ತೆಗೆದುಕೊಂಡು, ಬಗ್ಗಿ, ಆದಷ್ಟು ಸಾಧಾರಣ ದನಿಯಲ್ಲಿ ಹೇಳಿದೆ:

"ಅಜ್ಜಂಪುರದಿಂದ ಬೀಗರು ಫೋನ್ ಮಾಡಿದಾರೆ. ಲೈನಲ್ಲಿದಾರೆ."

ಗಂಡಿನ ಅಪ್ಪ ಲೈನಿನಲ್ಲಿದ್ದಾಗ ಹೆಣ್ಣಿನ ಅಣ್ಣ ಮಲಗಿಕೊಂಡು ಮಾತನಾಡಲು ಆಗುತ್ತದೆಯೇ? ಚಪ್ಪಲಿಗಳು ಹಿಂದೆ ಸರಿದವು, ಪಂಚೆ ಬಂತು, ಹೊಟ್ಟೆ ಬಂತು, ತಲೆ ಬಂತು. ಎದ್ದು ನಿಂತು, ಕೈ ಒರೆಸಿಕೊಂಡು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು, ಮೊಬೈಲನ್ನು ಕಿವಿಗಿಟ್ಟು, "ನಮಸ್ಕಾರ, ಹೇಳಿ ಸಾರ್" ಎಂದರು.

ಗಾಡಿ ಬಿತ್ತು.

ಜಾಕು ಹಾರಿ ಚರಂಡಿಗೆ ಹೋಯಿತು. ತೆಂಗಿನ ತುಂಡು ಎರಡು ಸೀಳಾಯಿತು. ಗಾಲಿಯಿಲ್ಲದ ಅಚ್ಚು ನೆಲಕ್ಕೆ ಅಪ್ಪಳಿಸಿದ ಸದ್ದಿಗೆ ತೋಟದ ಹಕ್ಕಿಗಳೆಲ್ಲ ಎದ್ದವು. ಅಷ್ಟು ಹೊತ್ತು ಇಳಿಯದೆ ಸತಾಯಿಸಿದ ಸ್ಟೆಪ್ನಿ ತಾನಾಗಿ ಕಳಚಿಕೊಂಡು, ಅವರ ಎದೆ ಇದ್ದ ಜಾಗದಲ್ಲಿ ಬಿದ್ದುಕೊಂಡಿತು. ಕಿಟಕಿಯಿಂದ ಅತ್ತೆಯ ತಲೆ ಹೊರಗೆ ಬಂತು.

"ಏನೋ ಅದು ಲೋಕೇಶ, ನಿಧಾನಕ್ಕೆ ಇಳಿಸಬಾರದಾ? ಬಾಳೆಹಣ್ಣೆಲ್ಲ ಕೆಳಗೆ ಬಿತ್ತು."

ಮಗ ಇನ್ನೂ ಮೊಬೈಲಿಗೆ ಹಲೋ ಹಲೋ ಎನ್ನುತ್ತಿದ್ದರು. ಆ ಸ್ಟೆಪ್ನಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಮ್ಮ ಅಭಿಪ್ರಾಯ ತಿಳಿಸಿದರು: "ಕಟ್ಟಾಯ್ತು. ಈ ಜಾಕೂ ಸರಿಯಿಲ್ಲ."

ನಾನು ಬೇಲಿಯ ಕಲ್ಲಿನ ಮೇಲೆ ಕುಳಿತೆ. ಆ ದಾರಿಯಲ್ಲಿ ಬಂದ ಟ್ರ್ಯಾಕ್ಟರಿನವರು ತಮ್ಮ ಜಾಕು, ಹಲಗೆ ತಂದು ಗಾಡಿ ಎತ್ತಿಕೊಟ್ಟರು. ಮೊದಲು ಅತ್ತೆಯನ್ನು ಇಳಿಸಿದರು. ಅಷ್ಟರಲ್ಲಿ ರಾಹುಕಾಲ ಮುಗಿದಿತ್ತು, ಹಾಗಾಗಿ ಅತ್ತೆಯ ಆಕ್ಷೇಪಣೆ ಇರಲಿಲ್ಲ.

ಅಜ್ಜಂಪುರದಲ್ಲಿ ಕೇಸರಿಬಾತಿನ ಮುಂದೆ ನಮ್ಮೆಜಮಾನರು ಕಥೆ ಹೇಳಿದರು. "ನಿಮ್ಮ ಫೋನ್ ಬಂತು, ಆಚೆ ಬಂದೆ, ಇಲ್ದಿದ್ರೆ ಕಥೆ ಮುಗೀತಿತ್ತು ಸಾರ್" ಎಂದರು. ನನ್ನ ಕೈಯ ಚಮಚ ತಟ್ಟೆಗೆ ಬಡಿಯಿತು. ಗಂಡಿನ ಅಪ್ಪ ಒಂದು ಕ್ಷಣ ಮೇಲೆ ನೋಡಿದರು. ಒಂದು ಜೀವ ಉಳಿಸಿದ ಕೀರ್ತಿ ಮನೆಬಾಗಿಲಿಗೆ ಬಂದಾಗ ಬೇಡವೆನ್ನುವುದು ದೊಡ್ಡಮನುಷ್ಯರ ಲಕ್ಷಣವಲ್ಲ.

"ಹೌದೌದು, ಮಾಡಿದ್ದೆ. ಯಾಕೋ ಮನಸ್ಸಿಗೆ ಅನ್ನಿಸ್ತು ಕಣ್ರೀ" ಎಂದರು.

ಸಂಬಂಧ ಅಲ್ಲಿಯೇ ನಿಶ್ಚಯವಾಯಿತು. ಆ ಮನೆಯಲ್ಲಿ ಈಗಲೂ ಅದೇ ಚರಿತ್ರೆ ನಡೆಯುತ್ತಿದೆ.

ಎಲ್ಲರಿಗೂ ಒಳ್ಳೆಯದಾಯಿತು. ನನ್ನೊಬ್ಬಳ ನಿದ್ದೆ ಹಾರಿಹೋಯಿತು. ಇಡ್ಲಿ ಪಾತ್ರೆಯ ಮುಚ್ಚಳ ಕೂತರೆ ಕುರುಕ್, ಮಂಚದ ಕಾಲು ಸರಿದರೆ ಕುರುಕ್, ಅತ್ತೆ ನಿಪ್ಪಟ್ಟು ಕಡಿದರೂ ಕುರುಕ್. ಕಣ್ಣು ಮುಚ್ಚಿದರೆ ಎರಡು ಚಪ್ಪಲಿ ಕಾಣುತ್ತಿತ್ತು. ಅವು ಹೊರಗೆ ಬರುತ್ತಿರಲಿಲ್ಲ. ಎದ್ದು ಪಕ್ಕದಲ್ಲಿದ್ದವರ ಎದೆ ಮುಟ್ಟಿ ನೋಡುತ್ತಿದ್ದೆ. ಮುಟ್ಟುವ ಅಗತ್ಯವೇ ಇರಲಿಲ್ಲ. ಬದುಕಿದ್ದಾರೆಂಬುದನ್ನು ಅವರ ಗೊರಕೆ ಪಕ್ಕದ ಬೀದಿಗೂ ಸಾರುತ್ತಿತ್ತು. ಸತ್ತುಹೋಗುತ್ತಿದ್ದವರು ಗೊರಕೆ ಹೊಡೆಯುವುದು, ನೋಡಿದವಳು ಎದ್ದು ಕೂರುವುದು, ಇದು ಯಾವ ನ್ಯಾಯವೋ.

ಹೊಸ ಜಾಕು ತರುವವರೆಗೂ ನಾನು ಗಾಡಿ ಹತ್ತುವುದಿಲ್ಲವೆಂದೆ. ಮೊದಲು ಅವರು ತಂದದ್ದು ಆಳೆತ್ತರದ್ದು. ಕಂಬದ ತುಂಬ ಹಲ್ಲು, ಕೆಂಪು ಬಣ್ಣ. ಮೊಬೈಲಿನಲ್ಲಿ ಮರಳುಗಾಡಿನ ಜನ ಅದನ್ನೇ ಬಳಸುತ್ತಾರಂತೆ. ಅಂಗಳದಲ್ಲಿ ಪ್ರಯೋಗ ನಡೆಯಿತು. ಎತ್ತುವಾಗ ಸುಮ್ಮನಿದ್ದ ಹಿಡಿ ಇಳಿಸುವಾಗ ಕೈತಪ್ಪಿ ಪಟಪಟನೆ ಒದೆಯಿತು. ದವಡೆಗೆ ಬೀಳುವುದು ಎರಡು ಬೆರಳಿನಲ್ಲಿ ತಪ್ಪಿ, ತುಳಸಿಕಟ್ಟೆಯ ಮೂಲೆ ಹಾರಿತು. ಜಾಕು ಅಂಗಡಿಗೆ ವಾಪಸು ಹೋಯಿತು. ತುಳಸಿಕಟ್ಟೆ ಹಾಗೇ ಇದೆ.

ಎರಡನೆಯ ಸಲ ನಾನೇ ಹೊರಟೆ, ದರ್ಜಿಯ ಟೇಪಿನೊಂದಿಗೆ. ಕೆಳಗೆ ಹೋಗಲಿಲ್ಲ, ಪಕ್ಕದಲ್ಲಿ ಕೂತೇ ಅಳೆದೆ: ಗಾಳಿ ಇದ್ದಾಗ ಅಚ್ಚು ನೆಲದಿಂದ ಎಷ್ಟು, ಟೈರು ಚಪ್ಪಟೆಯಾದರೆ ಎಷ್ಟು. ಚಪ್ಪಟೆಯಾದಾಗಲೂ ಜಾಕು ಕೆಳಗೆ ತೂರಬೇಕು, ಪೂರ್ತಿ ಏರಿದಾಗ ದೊಡ್ಡ ಟೈರು ನೆಲ ಬಿಡಬೇಕು, ತೂಕ ಹೊರುವ ಶಕ್ತಿ ಗಾಡಿಯದಕ್ಕಿಂತ ಧಾರಾಳವಾಗಿರಬೇಕು. ಇಷ್ಟೇ ಶಾಸ್ತ್ರ. ಹೆಣ್ಣಿಗೆ ಗಂಡು ನೋಡುವಾಗ ಇದಕ್ಕಿಂತ ಹೆಚ್ಚು ಅಳೆಯುತ್ತೇವೆ. ತರೀಕೆರೆಯ ಅಂಗಡಿಯೊಂದರಲ್ಲಿ ದಪ್ಪನೆಯ ಬಾಟಲ್ ಜಾಕು, ಅದರ ಕೆಳಗಿಡಲು ಅಗಲವಾದ ಗಟ್ಟಿ ಹಲಗೆ, ಎತ್ತಿದ ಮೇಲೆ ಗಾಡಿಗೆ ಆನಿಸುವ ಎರಡು ಕಬ್ಬಿಣದ ಸ್ಟ್ಯಾಂಡು ತಂದೆವು.

ಅಂಗಳದಲ್ಲಿ ಮತ್ತೆ ಪ್ರಯೋಗ. ಸಮ ನೆಲ, ಗೇರು, ಹ್ಯಾಂಡ್‌ಬ್ರೇಕು, ಉಳಿದ ಗಾಲಿಗೆ ಕಲ್ಲು. ಗಾಲಿ ನೆಲದಲ್ಲಿರುವಾಗಲೇ ನಟ್ಟು ಸಡಿಲ, ಆಮೇಲೆ ಎತ್ತುವುದು, ಎತ್ತಿದ ಕೂಡಲೇ ಸ್ಟ್ಯಾಂಡು. ಮೈಯ ಯಾವ ಭಾಗವೂ ಕೆಳಗಿಲ್ಲ.

"ಮುಗೀತೇನಮ್ಮಾ ಇನ್ಸ್‌ಪೆಕ್ಟ್ರೇ? ಸಹಿ ಹಾಕ್ತೀರಾ?" ಎಂದು ನಮ್ಮೆಜಮಾನರು ಬೀದಿಯವರ ಎದುರು ಕೈಮುಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದೂ ನಿದ್ದೆ ಬರಲಿಲ್ಲ. ಕಬ್ಬಿಣ ಗಟ್ಟಿಯಾಗಿತ್ತು, ನಿಜ. ಆದರೆ ಅದನ್ನು ಬಳಸುವವರಿಗೆ ಅದೊಂದು ನನ್ನ ಹುಚ್ಚು, ಅಷ್ಟೆ.

ಕೆಲವು ವಾರಗಳ ನಂತರ ಒಂದು ಭಾನುವಾರ ಮಧ್ಯಾಹ್ನ ಲಿಂಗದಹಳ್ಳಿಯಿಂದ ಬರುತ್ತಿದ್ದೆವು, ನಾವಿಬ್ಬರೇ. ರಸ್ತೆಯ ಪಕ್ಕ ನಮ್ಮದರ ಹಾಗೆಯೇ ಬೆಳೆದ ಗಾಡಿಯೊಂದು ನಿಂತಿತ್ತು. ಜಾಕಿನ ಕೆಳಗೆ ಒಂದರ ಮೇಲೊಂದು ಕಲ್ಲು. ಗಾಡಿಯ ಕೆಳಗಿನಿಂದ ಎರಡು ಬೂಟು ಹೊರಗೆ ಚಾಚಿದ್ದವು.

ನಮ್ಮ ಗಾಡಿ ನಿಂತದ್ದು ನನಗೆ ತಿಳಿಯಲಿಲ್ಲ. ನಮ್ಮೆಜಮಾನರು ಇಳಿದು ಓಡಿದರು. ಆ ದೇಹ ಓಡುವುದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ. ಹೋದವರೇ ಆ ಎರಡು ಬೂಟು ಹಿಡಿದು, ಒಂದು ಮಾತಿಲ್ಲದೆ, ಗುರುತಿಲ್ಲದ ಮನುಷ್ಯನನ್ನು ಮೂಟೆಯ ಹಾಗೆ ದರದರನೆ ಹೊರಗೆಳೆದರು. ಅವನ ಅಂಗಿ ಕುತ್ತಿಗೆಗೆ ಬಂದಿತ್ತು.

"ಏಯ್, ಯಾರ್ರೀ ನೀವು? ಹುಚ್ಚಾ?" ಎಂದು ಅವನು ಎದ್ದ.

"ಲೇ, ಮನೇಲಿ ಹೆಂಡ್ತಿ ಇದಾಳೇನೋ?"

"ಇದಾಳೆ. ಅದನ್ನ ಕಟ್ಕೊಂಡು ನಿಮಗೇನು?"

"ಅವಳನ್ನ ಒಂದ್ಸಲ ಕೇಳಿ ನೋಡು, ನೀನು ಅದರ ಕೆಳಗೆ ಹೋಗ್ಬೋದಾ ಅಂತ. ಹೋಗ್ಬೋದು ಅಂದ್ರೆ ಹೋಗು, ನಾನು ಕೇಳಲ್ಲ."

ಅವನು ಅಂಗಿ ಕೆಳಕ್ಕೆಳೆದುಕೊಂಡ. ನಮ್ಮೆಜಮಾನರು ನಮ್ಮ ಸ್ಟ್ಯಾಂಡುಗಳನ್ನು, ಹಲಗೆಯನ್ನು ತಂದು ಅವನ ಮುಂದೆ ಇಟ್ಟರು. ಜೋಡಿಸಲು ಬಗ್ಗಿದರು. ಸ್ಟ್ಯಾಂಡಿನ ಚಿಲಕ ಎರಡು ಸಲ ತಪ್ಪಿತು, ಮೂರನೆಯ ಸಲವೂ ಸೇರಲಿಲ್ಲ. ನಾನು ಹೋಗಿ ಸೇರಿಸಿದೆ. ಆ ಮನುಷ್ಯ ಟೈರು ಬದಲಾಯಿಸಿ ಮುಗಿಸುವವರೆಗೂ ಅವರು ಅವನ ಭುಜದ ಮೇಲಿನ ಕೈ ತೆಗೆಯಲಿಲ್ಲ. ಅವನು ಅದನ್ನು ಪ್ರೀತಿಯೆಂದುಕೊಂಡನೋ ಏನೋ, ಹೋಗುವಾಗ ತನ್ನ ಗಾಡಿಯಲ್ಲಿದ್ದ ಬಾಳೆಗೊನೆಯಿಂದ ಒಂದು ಚಿಪ್ಪು ಮುರಿದು ಕೊಟ್ಟ.

"ನೀನೇ ಓಡಿಸು ಕಣೇ" ಎಂದು ಬೀಗದ ಕೈ ನನ್ನ ಕೈಗಿಟ್ಟರು. ತರೀಕೆರೆ ದಾಟಿದೆವು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಒಂದೇ ಮಾತು: "ಕಾಲು ಮಾತ್ರ ಕಾಣುತ್ತಲ್ಲೇ, ಹೊರಗೆ ನಿಂತೋರಿಗೆ."

"ಹೂಂ" ಎಂದೆ.

ಅದು ಭಾನುವಾರ. ಕಡೂರು ತಲುಪಿ, ಉಂಡು, ಮಲಗಿದ್ದಷ್ಟೇ ಗೊತ್ತು. ಬೆಳಿಗ್ಗೆ ಬಾಗಿಲು ಬಡಿಯುವ ಸದ್ದಿಗೆ ಕಣ್ಣುಬಿಟ್ಟರೆ ಬಿಸಿಲು ಮಂಚದ ಮೇಲಿತ್ತು. ಹಾಲಿನವನು ಬಂದು ಹೋಗಿದ್ದ, ಹಾಲು ಬೆಕ್ಕಿನ ಪಾಲಾಗಿತ್ತು, ಅತ್ತೆಗೆ ಇನ್ನೂ ಕಾಫಿ ಸಿಕ್ಕಿರಲಿಲ್ಲ.

"ಏನೇ ಶೈಲಾ, ಗಂಟೆ ಎಂಟಾಯ್ತು. ಇಬ್ಬರೂ ಬದುಕಿದೀರೋ ಇಲ್ವೋ?"

"ಬದುಕಿದೀವಿ ಅತ್ತೆ" ಎಂದೆ.